ನೋರಾಳನ್ನು ಗುಡ್ಡ ಇಳಿಸಿದ್ದು

ಮಿಲ್‌ಸ್ಟ್ರೀಟ್ ಹತ್ತಿರ, ಕಾರ್ಕ್
23 ಫೆಬ್ರವರಿ 2025, ಆದಿತ್ಯವಾರ

ಪ್ರೀತಿಯ ಚಂದ್ರಾ,

ಹೇಗಿದ್ದೀ? ಮೊಣಗಂಟಿನ ನೋವು ಹೇಗುಂಟು? ಮೊಮ್ಮಗಳು ಐಶು ಮಾತು ಕಲಿತಳಾ, ಇಲ್ಲ ಇನ್ನೂ ನಿನ್ನ ಕೈಬಳೆ ಕಚ್ಚುವುದರಲ್ಲೇ ಇದ್ದಾಳಾ? ಕ್ರಿಸ್ಮಸ್ಸಿಗೆಂದು ನೀನು ಬರೆದ ಕಾಗದ ಹೊಸವರ್ಷ ಕಳೆದ ಮೇಲೆ ಬಂತು. ಉತ್ತರ ಬರೆಯದೆ ಇಷ್ಟು ದಿನ ಕೂತದ್ದಕ್ಕೆ ಬೈಯಬೇಡ ಮಾರಾಯ್ತಿ. ‘ನಾವೆಲ್ಲ ಕ್ಷೇಮ’ ಎಂದು ಒಂದು ಸಾಲು ಬರೆಯುವುದು, ಅದನ್ನೇ ನೋಡುತ್ತಾ ಕೂರುವುದು, ಆಮೇಲೆ ಚಹಾ ಮಾಡಲು ಎದ್ದುಹೋಗುವುದು. ಎಷ್ಟೋ ಸಲ ಹೀಗೇ ಆಯಿತು.

ಈಗ ಬರೆಯಲೇಬೇಕಾಗಿ ಬಂದದ್ದು ಗುರುದತ್‌ನಿಂದ. ನಮ್ಮ ಓಣಿಯ ಬುಡದಲ್ಲಿ ಬಾಡಿಗೆಗಿರುವ ಬೆಂಗಳೂರಿನ ಹುಡುಗ. ಹಾಲಿಹಿಲ್‌ನ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಹೆಂಡತಿ ಶ್ರೀಲಕ್ಷ್ಮಿಗೆ ಏಳು ತಿಂಗಳು, ಅವಳನ್ನು ತಾಯಿಮನೆಗೆ ಬಿಟ್ಟುಬರಲು ನಾಳೆ ಹೊರಟಿದ್ದಾನೆ. ‘ಆಂಟಿ, ಲೆಟರ್ ಕೊಡಿ, ಬೆಂಗಳೂರಿಂದ ಪೋಸ್ಟ್ ಮಾಡ್ತೀನಿ, ಬೇಗ ಸೇರತ್ತೆ’ ಎಂದ. ನಾಳೆ ಬೆಳಿಗ್ಗೆ ಬಾಗಿಲಿಗೆ ಬರುತ್ತಾನೆ. ಇನ್ನು ಚಹಾದ ನೆಪ ನಡೆಯುವುದಿಲ್ಲ.

ಜನವರಿಯಲ್ಲಿ ಇಲ್ಲಿ ಹಿಮ ಬಿದ್ದದ್ದನ್ನು ಟಿವಿಯಲ್ಲಿ ನೋಡಿ, ಹೇಗಿದ್ದೀರಿ ಎಂದು ನೀನು ಮೊಬೈಲಿನಲ್ಲಿ ಕೇಳಿದ್ದೆ. ನಾನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗಿದ್ದೆ. ಆಗ ಏನು ನಡೆಯಿತೆಂದು ಈಗ ಸಾವಕಾಶವಾಗಿ ಹೇಳುತ್ತೇನೆ.

ಮೊದಲು ಆಲ್ಫ್ರೆಡ್ ವಿಷಯ. ಕಳೆದ ವರ್ಷ ಈಸ್ಟರ್ ಕಳೆದ ಮೇಲೆ ಅವರಿಗೆ ಸ್ಟ್ರೋಕ್ ಆದದ್ದು ನಿನಗೆ ಗೊತ್ತು. ಬಲಗೈ, ಬಲಗಾಲು ಬಿದ್ದುಹೋದದ್ದೂ ಗೊತ್ತು. ಮಾತು ಹೋದದ್ದನ್ನು ಮಾತ್ರ ನಾನು ಪೂರ್ತಿ ಹೇಳಿರಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ. ಅವರಿಗೆ ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ. ಕೊಂಕಣಿ, ತುಳು, ಕನ್ನಡ, ಇಂಗ್ಲಿಷ್ ಎಲ್ಲ ಹೋಗಿ ಉಳಿದದ್ದು ಒಂದೇ ಶಬ್ದ, ‘ಗ್ರ್ಯಾಂಡ್’. ಈ ದೇಶದವರು ಎಲ್ಲದಕ್ಕೂ ಹೇಳುವ ಶಬ್ದ ಅದು. ಆರೋಗ್ಯ ಕೇಳಿದರೂ ಗ್ರ್ಯಾಂಡ್, ಮಳೆ ನಿಂತರೂ ಗ್ರ್ಯಾಂಡ್. ಆಲ್ಫ್ರೆಡ್‌ಗೆ ಗಂಜಿ ಬೇಕೇ ಎಂದರೂ ಗ್ರ್ಯಾಂಡ್, ಬೇಡವೇ ಎಂದರೂ ಗ್ರ್ಯಾಂಡ್. ಸ್ವರ ಕೇಳಿ ಮುಖ ನೋಡಿ ನಾನೇ ತಿಳಿದುಕೊಳ್ಳಬೇಕು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡನನ್ನು ಒಂದನೇ ಕ್ಲಾಸಿನಿಂದ ಓದಲು ಕಲಿತ ಹಾಗಾಯಿತು.

ಇನ್ನು ಅವರ ಟ್ರ್ಯಾಕ್ಟರ್. ಔಷಧ ಕಾರ್ಖಾನೆಯ ಸ್ಟೋರಿನಲ್ಲಿ ದುಡಿಯುತ್ತಿದ್ದಾಗಲೇ ಅವರಿಗೆ ಒಂದು ತುಂಡು ನೆಲದ ಆಸೆ. ಅದಕ್ಕಾಗಿಯೇ ನಾವು ಕಾರ್ಕ್ ಪೇಟೆ ಬಿಟ್ಟು ಈ ಗುಡ್ಡಕ್ಕೆ ಬಂದದ್ದು. ಬಂದ ವರ್ಷವೇ ಹಳೆಯದೊಂದು ಸಣ್ಣ ಟ್ರ್ಯಾಕ್ಟರ್ ಕೊಂಡರು. ನಿನ್ನ ತಮ್ಮ ವೆಂಕಟೇಶನ ಟ್ರ್ಯಾಕ್ಟರಿನ ಪಕ್ಕ ನಿಲ್ಲಿಸಿದರೆ ಅದರ ಮಗುವಿನ ಹಾಗೆ ಕಾಣಬಹುದು. ಮುಂದೆ ಮಣ್ಣು ತೋಡುವ ಬಕೆಟ್, ಹಿಂದೆ ಸಾಮಾನು ಹೊರುವ ಕಬ್ಬಿಣದ ತೆರೆದ ಪೆಟ್ಟಿಗೆ. ಆ ಪೆಟ್ಟಿಗೆಗೆ ಇಲ್ಲಿಯವರು ಲಿಂಕ್ ಬಾಕ್ಸ್ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಮೂರೇ ಮನೆ. ಕೆಳಗೆ ಗುರುದತ್ ಇರುವುದು, ನಡುವೆ ನಮ್ಮದು, ತುದಿಯಲ್ಲಿ ನೋರಾಳದು. ಕೌನ್ಸಿಲಿನ ಲಾರಿ ಐಸು ಕರಗಿಸುವ ಉಪ್ಪು ಚೆಲ್ಲಲು ಇಲ್ಲಿಗೆ ಬರುವುದಿಲ್ಲ. ಪ್ರತಿ ಚಳಿಗಾಲ ಹಿಮ ಸರಿಸಿ ಓಣಿಯನ್ನು ಬಿಡಿಸಿಡುತ್ತಿದ್ದದ್ದು ಆಲ್ಫ್ರೆಡ್. ಸ್ಟ್ರೋಕ್ ಆದ ಮೇಲೆ ಟ್ರ್ಯಾಕ್ಟರ್ ಶೆಡ್ಡಿನಲ್ಲೇ ಇತ್ತು. ಬೇಸಿಗೆಯಲ್ಲಿ ಹುಲ್ಲು ಹೊರಲು ನಾನು ಸಮತಟ್ಟಿನಲ್ಲಿ ನಾಲ್ಕು ಸಲ ಓಡಿಸಿದ್ದೆ, ಅಷ್ಟೇ.

ಜನವರಿಯ ಮೊದಲ ಶನಿವಾರ ಸಂಜೆ ಮಳೆಯಾಗಿ ಶುರುವಾದದ್ದು ಕತ್ತಲಾಗುವಾಗ ಹಿಮವಾಯಿತು. ಕರೆಂಟು ಹೋಯಿತು. ಬೆಳಗಾಗುವಾಗ ಹಿತ್ತಿಲ ಬೇಲಿ ಎಲ್ಲಿ, ದಾರಿ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಹಿಮದ ಕೆಳಗೆ ಹಿಂದಿನ ದಿನದ ಮಳೆನೀರು ಗಡ್ಡೆಕಟ್ಟಿ ಗಾಜಿನ ಹಾಗಾಗಿತ್ತು. ಆಲ್ಫ್ರೆಡ್‌ಗೆ ಸ್ವೆಟರಿನ ಮೇಲೆ ಸ್ವೆಟರ್ ಹಾಕಿ ಅಡುಗೆಮನೆಯ ಒಲೆಯ ಬಳಿ ಗಾಲಿಕುರ್ಚಿಯಲ್ಲಿ ಕೂರಿಸಿದ್ದೆ. ಆಗ ನೋರಾಳ ಫೋನ್.

ನೋರಾಳಿಗೆ ಎಂಬತ್ತು ದಾಟಿದೆ. ನನ್ನ ಅಮ್ಮನ ಪ್ರಾಯದವಳಾದರೂ ಹೆಸರು ಹಿಡಿದೇ ಕರೆಯಬೇಕೆಂದು ಅವಳ ಹಠ. ಶ್ವಾಸಕೋಶ ಹಾಳಾಗಿ ಹಗಲು ರಾತ್ರಿ ಮೂಗಿನಲ್ಲಿ ಆಕ್ಸಿಜನ್ ಕೊಳವೆ. ಆಕ್ಸಿಜನ್ ಕೊಡುವ ಯಂತ್ರ ನಡೆಯುವುದು ಕರೆಂಟಿನಲ್ಲಿ. ಅದು ನಿಂತರೆ ಇರಲೆಂದು ಸಿಲಿಂಡರ್ ಇಟ್ಟಿರುತ್ತಾರೆ. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ, ‘ಜೆಸಿಂತಾ, ಹುಡುಗಿ, ನಿನಗೆ ತೊಂದರೆ ಕೊಡಬಾರದು ಅಂತಿದ್ದೆ.’ ಆ ಒಂದು ವಾಕ್ಯಕ್ಕೆ ಅವಳು ಎಷ್ಟು ಸಲ ಉಸಿರು ತೆಗೆದಳೆಂದು ಕೇಳಿದ ಮೇಲೆ ನನಗೆ ಉಳಿದದ್ದು ಹೇಳಬೇಕಾಗಿರಲಿಲ್ಲ. ಇಷ್ಟು ವರ್ಷ ನರ್ಸ್ ಆಗಿ ಮಾಡಿದ್ದು ಅದೇ ಕೆಲಸವಲ್ಲವಾ?

ಬೇಲಿ ಹಿಡಿದು ಹಿಡಿದು ಮೇಲೆ ಹೋದೆ. ಅವಳ ತುಟಿ ನೀಲಿಯಾಗಿತ್ತು. ಕೊನೆಯ ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಆ ಹೆಂಗಸು ಬಹಳ ವಿನಯದಿಂದಲೇ ಹೇಳಿದಳು: ಜೀಪು ಕಳಿಸುತ್ತೇವೆ, ಆದರೆ ಅದು ದೊಡ್ಡ ರಸ್ತೆಯವರೆಗೆ ಮಾತ್ರ ಬರಬಹುದು, ಓಣಿ ಹತ್ತಲಾರದು, ಹೇಗಾದರೂ ಅವರನ್ನು ಕೆಳಗೆ ತರಲು ಸಾಧ್ಯವೇ?

ನಾನು ‘ತರುತ್ತೇನೆ’ ಎಂದುಬಿಟ್ಟೆ. ಹೇಗೆ ಎಂದು ಯೋಚಿಸಿದ್ದು ಫೋನ್ ಇಟ್ಟ ಮೇಲೆ.

ಮನೆಗೆ ಇಳಿದು ಬರುವಾಗ ಗುರುದತ್, ಶ್ರೀಲಕ್ಷ್ಮಿ ಇಬ್ಬರೂ ನಮ್ಮ ಅಡುಗೆಮನೆಯಲ್ಲಿದ್ದರು. ಅವರ ಮನೆಯಲ್ಲಿ ಎಲ್ಲವೂ ಕರೆಂಟಿನದ್ದೇ. ಚಳಿ ತಡೆಯಲಾರದೆ ನಮ್ಮ ಕಟ್ಟಿಗೆ ಒಲೆ ಹುಡುಕಿ ಬಂದಿದ್ದರು. ಡಬ್ಲಿನ್‌ನಿಂದ ಮಗಳು ರೆಶೆಲ್ ಫೋನ್ ಮಾಡಿದಳು. ಬ್ಯೂಮಾಂಟ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು. ಟ್ರ್ಯಾಕ್ಟರ್ ತೆಗೆಯುತ್ತೇನೆ ಎಂದಾಗ, ‘ಮ್ಯಾಮ್, ಡೋಂಟ್ ಬಿ ಮ್ಯಾಡ್!’ ಎಂದು ಐರಿಶ್ ರಾಗದಲ್ಲಿ ಕೂಗಿದಳು. ನಮ್ಮ ಕೊಂಕಣಿ ಅವಳಿಗೆ ತಿಳಿಯುತ್ತದೆ, ಬೈಯುವುದು ಮಾತ್ರ ಇಂಗ್ಲಿಷಿನಲ್ಲಿ. ನಾನು ಫೋನನ್ನು ಆಲ್ಫ್ರೆಡ್ ಕಿವಿಗೆ ಹಿಡಿದೆ. ಅವರು ಮಗಳಿಗೆ ‘ಗ್ರ್ಯಾಂಡ್’ ಎಂದರು, ಗಟ್ಟಿಯಾಗಿ. ಅವಳು ಫೋನ್ ಇಟ್ಟಳು.

ಮೊದಲ ಸಲ ನಾನು ಏನೂ ಯೋಚಿಸದೆ ಹೊರಟೆ. ಅಂಗಳ ದಾಟಿ ಓಣಿಯ ಏರಿಗೆ ಮುಂದಿನ ಚಕ್ರ ಇಟ್ಟೆ, ಅಷ್ಟೇ. ಹಿಂದಿನ ಚಕ್ರಗಳು ನಿಂತಲ್ಲೇ ಗರಗರ ತಿರುಗಿದವು. ಹೆದರಿ ಬ್ರೇಕ್ ಒತ್ತಿದೆ. ಟ್ರ್ಯಾಕ್ಟರ್ ಅಡ್ಡಡ್ಡ ಜಾರಿ, ಗೇಟಿನ ಕಲ್ಲುಕಂಬಕ್ಕೆ ಬಡಿದು ನಿಂತಿತು. ಅಡುಗೆಮನೆಯ ಕಿಟಕಿಯಿಂದ ಆಲ್ಫ್ರೆಡ್ ಎಡಗೈಯಲ್ಲಿ ಚಮಚ ಹಿಡಿದು ಗಾಜಿಗೆ ಕುಟ್ಟುತ್ತಿದ್ದರು. ಒಳಗೆ ಬಾ ಎಂದು.

ಒಳಗೆ ಹೋದೆ. ಅವರು ಮೇಜಿನ ಮೇಲೆ ಬೆಂಕಿಪೆಟ್ಟಿಗೆ ಇಟ್ಟು, ಅದರ ಮುಂಭಾಗವನ್ನು ಬೆರಳಿನಿಂದ ಒತ್ತಿದರು, ಹಿಂಭಾಗ ಮೇಲೆದ್ದಿತು. ಹೀಗಾಗಬಾರದೆಂದು ತಲೆಯಾಡಿಸಿದರು. ಆಮೇಲೆ ಹಿಂಭಾಗವನ್ನು ಒತ್ತಿ ನನ್ನ ಮುಖ ನೋಡಿದರು. ನನಗೆ ತಲೆಗೆ ಹೋಗಲಿಲ್ಲ. ಗುರುದತ್ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದವನು ಎದ್ದುನಿಂತ.

‘ಆಂಟಿ, ಹಿಂದಕ್ಕೆ ವೇಯ್ಟ್ ಹಾಕಿ ಅಂತಿದಾರೆ ಅಂಕಲ್. ಇಲ್ಲೂ ಅದೇ ಐತೆ ನೋಡಿ. ಮುಂದೆ ಬಕೆಟ್ ಭಾರ, ಹಿಂದೆ ಬಾಕ್ಸ್ ಖಾಲಿ. ಹಿಂದಿನ ಚಕ್ರಕ್ಕೆ ಗ್ರಿಪ್ಪೇ ಸಿಗಲ್ಲ. ಅಂಕಲ್, ಹಿಂದಿನ ಟೈರಿಗೆ ನೀರು ತುಂಬಿಸಿದೀರಾ?’

ವೆಂಕಟೇಶ ಗದ್ದೆಗಿಳಿಸುವ ಮೊದಲು ಟೈರಿಗೆ ನೀರು ತುಂಬಿಸುತ್ತಾನಲ್ಲ, ಅದೇ. ಆಲ್ಫ್ರೆಡ್ ಹೌದೆಂದು ತಲೆದೂಗಿದರು. ‘ಅಯ್ಯೋ, ಈ ಚಳೀಲಿ ಅದು ಗಡ್ಡೆ ಕಟ್ಟಿರತ್ತಲ್ಲ!’ ಎಂದ ಗುರುದತ್. ಆಲ್ಫ್ರೆಡ್ ಮೂಲೆಯಲ್ಲಿದ್ದ ಹಸಿರು ಕ್ಯಾನ್ ತೋರಿಸಿದರು; ಕಾರಿನ ರೇಡಿಯೇಟರಿನ ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವ. ಅದನ್ನು ಮುಂಚೆಯೇ ಬೆರೆಸಿಟ್ಟಿದ್ದರು. ಅವರು ನಕ್ಕದ್ದನ್ನು ನೋಡಿ ಎಷ್ಟು ತಿಂಗಳಾಗಿತ್ತು! ಕಾರ್ಖಾನೆಯಲ್ಲಿ ಹತ್ತು ಜನಕ್ಕೆ ಕೆಲಸ ಹಂಚುತ್ತಿದ್ದ ಆಲ್ಫ್ರೆಡ್ ಆ ಗಾಲಿಕುರ್ಚಿಯಲ್ಲಿ ಮತ್ತೆ ಬಂದು ಕೂತಿದ್ದರು.

ಆಮೇಲೆ ನಾವಿಬ್ಬರು ಅವರ ಕೈಗಳಾದೆವು. ಲಿಂಕ್ ಬಾಕ್ಸಿಗೆ ಅಂಗಳದ ಸಿಮೆಂಟ್ ಇಟ್ಟಿಗೆಗಳನ್ನು ತುಂಬಿದೆವು, ಅದರ ಮೇಲೆ ಕಲ್ಲಿದ್ದಲಿನ ಚೀಲ. ಶೆಡ್ಡಿನ ಗೋಣಿಯೊಳಗೆ ಹಿಂದಿನ ಚಕ್ರದ ಚೈನುಗಳಿದ್ದವು. ಚೈನೆಂದರೆ ಬಲೆಯ ಹಾಗೆ ಟೈರಿಗೆ ಹೊದಿಸುವಂಥದ್ದು. ಐಸನ್ನು ಕಚ್ಚಿ ಹಿಡಿಯುವುದು ಅದೇ. ತುಕ್ಕು ಹಿಡಿದು ಸಿಕ್ಕುಗಟ್ಟಿದ್ದವು. ಮರಗಟ್ಟಿದ ಬೆರಳಿನಲ್ಲಿ ಬಿಡಿಸಿ ಹೊದಿಸಿದರೆ, ಕಿಟಕಿಯಲ್ಲಿ ಚಮಚದ ಸದ್ದು. ಕೊಕ್ಕೆಯ ಚೂಪು ಟೈರಿನ ಕಡೆಗಿತ್ತು, ಅದು ಹೊರಗೆ ತಿರುಗಬೇಕಿತ್ತು. ಬಿಚ್ಚಿ ಮತ್ತೆ ಹಾಕಿದೆವು. ಸ್ವಲ್ಪ ಮುಂದೆ ಉರುಳಿಸಿದಾಗ ಚೈನು ಸಡಿಲವಾಯಿತು, ಮತ್ತೆ ಬಿಗಿದೆವು. ಮುಂದಿನ ಟೈರುಗಳಿಗೆ ಚೈನಿರಲಿಲ್ಲ. ಆಲ್ಫ್ರೆಡ್ ಕಿಟಕಿಯಲ್ಲಿ ಕೆನ್ನೆ ಉಬ್ಬಿಸಿ ಮೆಲ್ಲಗೆ ಗಾಳಿ ಬಿಟ್ಟು ತೋರಿಸಿದರು. ‘ಅಂಕಲ್ ಗಾಳಿ ಸ್ವಲ್ಪ ಕಮ್ಮಿ ಮಾಡಿ ಅಂತಿದಾರೆ,’ ಎಂದ ಗುರುದತ್. ಗಾಳಿ ಇಳಿದರೆ ಟೈರು ಅಗಲವಾಗಿ ನೆಲಕ್ಕೆ ಕೂರುತ್ತದಂತೆ. ಅವನ ಫೋನಿನ ಚಾರ್ಜು ಅಷ್ಟರಲ್ಲಿ ಮುಗಿದಿತ್ತು. ಆಮೇಲೆ ಉಳಿದದ್ದು ಆಲ್ಫ್ರೆಡ್ ಒಬ್ಬರೇ.

ಹೊರಡುವ ಮೊದಲು ಅವರು ನನ್ನನ್ನು ಹತ್ತಿರ ಕರೆದು ಎದುರಿನ ಸ್ಟೂಲಿನಲ್ಲಿ ಕೂರಿಸಿದರು. ಬಗ್ಗಿ, ನನ್ನ ಬಲಗಾಲನ್ನು ಬೂಟಿನ ಸಮೇತ ಎತ್ತಿ ತಮ್ಮ ತೊಡೆಯ ಮೇಲಿಟ್ಟು, ಎಡಗೈಯಲ್ಲಿ ಬಿಗಿಯಾಗಿ ಹಿಡಿದರು. ಶ್ರೀಲಕ್ಷ್ಮಿ ನಾಚಿ ಮುಖ ತಿರುಗಿಸಿದಳು. ನನಗೆ ಮಾತ್ರ ಅರ್ಥವಾಯಿತು. ಇಳಿಯುವಾಗ ಬ್ರೇಕ್ ಮುಟ್ಟಬೇಡ. ಆ ಟ್ರ್ಯಾಕ್ಟರಿನ ಬ್ರೇಕು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಐಸಿನ ಮೇಲೆ ಅವು ಕಟ್ಟಿಕೊಂಡರೆ ಇಡೀ ಗಾಡಿ ಹಲಗೆಯ ಹಾಗೆ ಜಾರುತ್ತದೆ. ನಾಲ್ಕೂ ಚಕ್ರಕ್ಕೆ ಇಂಜಿನ್ ಕೂಡಿಸಿ, ಅತಿ ಸಣ್ಣ ಗೇರಿಗೆ ಹಾಕಿ ಬಿಟ್ಟರೆ ಇಂಜಿನೇ ನಾಲ್ಕನ್ನೂ ತಡೆದು ಹಿಡಿಯುತ್ತದೆ. ಹಿಂದೆ ಎಷ್ಟೋ ಸಲ ಊಟದ ಮೇಜಿನಲ್ಲಿ ಅವರು ಇದನ್ನು ಹೇಳಿದ್ದರು; ನಾನು ಹೂಂಗುಟ್ಟಿ ಸಾರು ಬಡಿಸಿದ್ದೆ.

‘ಬ್ರೇಕ್ ಒತ್ತುವುದಿಲ್ಲ,’ ಎಂದೆ. ‘ಗ್ರ್ಯಾಂಡ್,’ ಎಂದು ಕಾಲು ಬಿಟ್ಟರು.

ಈ ಸಲ ಏರು ಹತ್ತಿತು. ಓಟವಿಲ್ಲ, ನಿಲ್ಲಿಸುವುದಿಲ್ಲ, ಒಂದೇ ಗತಿ. ಚೈನು ಐಸನ್ನು ಕಟಕಟ ಕಡಿಯುತ್ತಿತ್ತು. ಗುರುದತ್ ನಮ್ಮ ಒಲೆಯ ಬೂದಿಯನ್ನು ಬಕೆಟಿನಲ್ಲಿ ತುಂಬಿಕೊಂಡು ಚಕ್ರದ ಜಾಡಿಗೆ ಎರಚುತ್ತಾ ಮುಂದೆ ನಡೆದ. ಒಂದು ಕಡೆ ಎಡದ ಚಕ್ರ ಒಂದೇ ತಿರುಗತೊಡಗಿದಾಗ, ಎರಡೂ ಹಿಂಚಕ್ರಗಳನ್ನು ಸೇರಿಸಿ ತಿರುಗಿಸುವ ಪೆಡಲನ್ನು ಹಿಮ್ಮಡಿಯಲ್ಲಿ ಒತ್ತಿದೆ. ಗಾಡಿ ಗೊಣಗಿ ಮೇಲೆ ಬಂತು.

ಅಷ್ಟೆಲ್ಲ ಮಾಡಿ ಹೋದರೆ ನೋರಾ ಬರುವುದಿಲ್ಲ ಎಂದಳು!

‘ಈ ಮನೆಗೆ ನಾನು ಮದುವೆಯಾಗಿ ಬಂದವಳು, ಜೆಸಿಂತಾ. ಇಲ್ಲಿಂದ ಹೊರಗೆ ಹೋಗುವುದು ಸತ್ತ ಮೇಲೆ ಪೆಟ್ಟಿಗೆಯಲ್ಲೇ ಅಂತ ಮಗಳಿಗೆ ಹೇಳಿದ್ದೇನೆ.’

‘ಪೆಟ್ಟಿಗೆಯನ್ನೇ ತಂದಿದ್ದೇನೆ ನೋರಾ. ಕಬ್ಬಿಣದ್ದು. ಮುಚ್ಚಳ ಇಲ್ಲ.’

ಅವಳು ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಉಸಿರು ತಿರುಗಿ ಬಂದ ಮೇಲೆ ನನ್ನ ತೋಳು ಹಿಡಿದು, ‘ನನಗೆ ಹೆದರಿಕೆಯಾಗ್ತದೆ, ಹುಡುಗಿ’ ಎಂದಳು.

‘ನನಗೂ ಆಗ್ತದೆ,’ ಎಂದೆ. ಅದು ನರ್ಸ್ ಹೇಳುವ ಮಾತಲ್ಲ. ಆದರೆ ಅದನ್ನು ಕೇಳಿಯೇ ಅವಳು ಕೋಟಿಗೆ ಕೈ ಚಾಚಿದಳು.

ಕಲ್ಲಿದ್ದಲಿನ ಚೀಲ ಇಳಿಸಿ, ಇಟ್ಟಿಗೆಗಳ ಮೇಲೆ ಅವಳ ಕೈಕುರ್ಚಿಯನ್ನು ಹಿಮ್ಮುಖವಾಗಿಟ್ಟು ಹಗ್ಗದಿಂದ ಬಿಗಿದೆವು. ಅವಳನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿ, ಸಿಲಿಂಡರನ್ನು ಕಾಲ ನಡುವೆ ನಿಲ್ಲಿಸಿ, ಅದನ್ನೂ ಕಟ್ಟಿದೆವು. ಮನುಷ್ಯರನ್ನು ಅದರಲ್ಲಿ ಕೂರಿಸಬಾರದೆಂದು ನನಗೆ ಗೊತ್ತು. ಬೇರೆ ದಾರಿ ಇರಲಿಲ್ಲ. ‘ಚಕ್ರದ ಮೇಲಿನ ಭಾರ ನಾನೇ ಅಂತಾಯ್ತು,’ ಎಂದಳು ನೋರಾ.

ನಮ್ಮ ಮನೆಯವರೆಗೆ ತೊಂದರೆಯಾಗಲಿಲ್ಲ. ಗೇಟು ದಾಟುವಾಗ ಕಿಟಕಿಯಲ್ಲಿ ಆಲ್ಫ್ರೆಡ್ ಕೈ ಎತ್ತಿದರು. ನಾನು ಎತ್ತಲಿಲ್ಲ, ಸ್ಟಿಯರಿಂಗ್ ಬಿಡಲು ಧೈರ್ಯವಿರಲಿಲ್ಲ. ಅದರ ಕೆಳಗೆ ಓಣಿ ಬಲಕ್ಕೆ ತಿರುಗುತ್ತದೆ. ಎಡಗಡೆ ಗಿಡ್ಡ ಕಲ್ಲಿನ ಗೋಡೆ, ಅದರಾಚೆ ನೀರು ಹರಿಯುವ ತೋಡು. ಬೂದಿ ಅಲ್ಲಿಗೆ ಮುಗಿದಿತ್ತು. ತಿರುವಿಗೆ ಸ್ಟಿಯರಿಂಗ್ ತಿರುಗಿಸಿದೆ. ಮುಂದಿನ ಚಕ್ರ ತಿರುಗಿತು, ಟ್ರ್ಯಾಕ್ಟರ್ ತಿರುಗಲಿಲ್ಲ. ಅದು ನೆಟ್ಟಗೆ ಗೋಡೆಯ ಕಡೆಗೆ ಹೊರಟಿತು. ಅವಸರವೇ ಇಲ್ಲದ ಹಾಗೆ, ಮೆಲ್ಲಗೆ.

‘ಆಂಟೀ!’ ಎಂದು ಗುರುದತ್ ಕಿರುಚಿದ. ಹಿಂದಿನಿಂದ ನೋರಾ ಪ್ರಾರ್ಥನೆ ಹೇಳುವುದು ಕೇಳಿಸಿತು. ನನ್ನ ಬಲಗಾಲು ತಾನಾಗಿಯೇ ಎದ್ದು ಬ್ರೇಕಿನ ಮೇಲೆ ಬಂತು, ಚಂದ್ರಾ. ಒತ್ತಲಿಲ್ಲ. ಹೇಗೆ ಒತ್ತದೆ ಉಳಿದೆ ಎಂದು ಕೇಳಿದರೆ ಹೇಳಲಾರೆ. ಕಾಲನ್ನು ಎಳೆದು ಹಿಂದಕ್ಕೆ ಇಟ್ಟು, ಸ್ಟಿಯರಿಂಗನ್ನು ಸ್ವಲ್ಪ ಸಡಿಲ ಬಿಟ್ಟು, ಗೋಡೆಯ ಬುಡದ ಹುಲ್ಲಂಚಿನ ಕಡೆಗೇ ಹೋಗಗೊಟ್ಟೆ. ಅಲ್ಲಿ ಯಾರೂ ತುಳಿಯದ ಒರಟು ಹಿಮವಿತ್ತು. ಮುಂದಿನ ಚಕ್ರ ಅದರೊಳಗೆ ಕಚ್ಚಿಕೊಂಡಿತು. ಇಂಜಿನ್ ಒಮ್ಮೆ ನರಳಿ ತಡೆಹಿಡಿಯಿತು. ಗೋಡೆ ಪಕ್ಕದಲ್ಲೇ ಸರಿದುಹೋಯಿತು.

ಕೆಳಗೆ ಕಿತ್ತಳೆ ಪಟ್ಟೆಯ ಜೀಪು ಕಾಯುತ್ತಿತ್ತು. ನೋರಾಳ ಮುಖಕ್ಕೆ ಮಾಸ್ಕ್ ಹಾಕಿ ಸಿಲಿಂಡರ್ ತೆರೆದರು. ತುಟಿಯ ನೀಲಿ ಇಳಿಯುವವರೆಗೆ ನಾನು ಅವಳ ಕೈ ಹಿಡಿದು ನಿಂತೆ. ಬಾಗಿಲು ಹಾಕುವಾಗ ಮಾಸ್ಕ್ ಎತ್ತಿ, ‘ನಿನ್ನ ಗಂಡನಿಗೆ ಹೇಳು, ಅವನ ಓಣಿ ಚೆನ್ನಾಗಿದೆ ಅಂತ,’ ಎಂದಳು.

ನೋರಾ ಬದುಕಿದಳು. ಈಗ ಮ್ಯಾಲೋದಲ್ಲಿ ಮಗಳ ಮನೆಯಲ್ಲಿದ್ದಾಳೆ. ಬಿಸಿಲು ಬಂದಮೇಲೆ ತನ್ನ ಮನೆಗೇ ವಾಪಸು ಬರುತ್ತೇನೆ ಎನ್ನುತ್ತಾ ದಿನವೂ ಫೋನಿನಲ್ಲಿ ಮಗಳ ಮೇಲೆ ದೂರು ಹೇಳುತ್ತಾಳೆ. ನಾವು ಟ್ರ್ಯಾಕ್ಟರನ್ನು ಮೇಲೆ ತಂದು ಶೆಡ್ಡಿಗೆ ಹಾಕಿದೆವು. ಇದು ಆ ದಿನದ ಕಥೆ. ವೆಂಕಟೇಶನಿಗೂ ಓದಿ ಹೇಳು. ಜೆಸಿಂತಾ ಟ್ರ್ಯಾಕ್ಟರ್ ಓಡಿಸಿದಳೆಂದರೆ ಅವನು ನಂಬಲಿಕ್ಕಿಲ್ಲ. ಶಾಲೆಗೆ ಹೋಗುವಾಗ ಹಳ್ಳದ ಮೇಲಿನ ಮರದ ಸಂಕ ದಾಟಲು ನಿನ್ನ ಜಡೆ ಹಿಡಿಯುತ್ತಿದ್ದವಳು ನಾನು.

ನಿನ್ನ ಮೊಣಗಂಟಿಗೆ ಡಾಕ್ಟರು ಹೇಳಿದ ವ್ಯಾಯಾಮ ಬಿಡಬೇಡ. ಐಶುವಿಗೆ ಒಂದು ಉಲ್ಲನ್ ಟೊಪ್ಪಿ ಹೆಣೆದು ಗುರುದತ್‌ನ ಕೈಯಲ್ಲೇ ಕಳಿಸಿದ್ದೇನೆ. ನಮ್ಮ ಸೆಕೆಗೆ ಅದು ಬೇಡವೆಂದು ಗೊತ್ತು, ಒಮ್ಮೆ ಹಾಕಿಸಿ ಫೋಟೋ ತೆಗೆ. ದೇವರು ಆ ಮಗುವಿಗೆ ಗಟ್ಟಿ ಕೈಕಾಲು, ದೊಡ್ಡ ಬಾಯಿ ಕೊಡಲಿ. ನಿನ್ನ ಮನೆಯಲ್ಲಿ ಯಾರಿಗೂ ಯಾವ ಕೊರತೆಯೂ ಬಾರದಿರಲಿ. ನಿನ್ನ ದೀಪದ ಮುಂದೆ ನಮ್ಮ ಹೆಸರನ್ನೂ ಒಮ್ಮೆ ಹೇಳು.

ಎಂದಿಗೂ ನಿನ್ನ,
ಜೆಸಿಂತಾ

ತಾ.ಕ. ಕಾಗದವನ್ನು ಲಕೋಟೆಗೆ ಹಾಕಿದ್ದೆ, ಮತ್ತೆ ಹೊರಗೆ ತೆಗೆದೆ. ಶೆಡ್ಡಿನ ಬಾಗಿಲು ಹಾಕಿದ ಮೇಲಿನದನ್ನು ನಾನು ಬರೆಯಲಿಲ್ಲ.

ಅಡುಗೆಮನೆಗೆ ಓಡಿಬಂದರೆ ಕುರ್ಚಿ ಖಾಲಿ. ಆಲ್ಫ್ರೆಡ್ ಹಿಂದಿನ ಕೋಣೆಯ ನೆಲದಲ್ಲಿದ್ದರು. ಆ ತಿರುವು ಕಾಣುವುದು ಅಲ್ಲಿಯ ಕಿಟಕಿಯಿಂದ ಮಾತ್ರ. ಶ್ರೀಲಕ್ಷ್ಮಿ ಒಲೆಗೆ ಕಟ್ಟಿಗೆ ತರಲು ಹೋದಾಗ, ಕುರ್ಚಿಯನ್ನು ಒಂದೇ ಕೈಯಲ್ಲಿ ತಳ್ಳಿಕೊಂಡು ಅಲ್ಲಿಗೆ ಹೋಗಿ, ಕಿಟಕಿಯ ಎತ್ತರಕ್ಕೆ ಎದ್ದು ನಿಲ್ಲಲು ನೋಡಿದ್ದಾರೆ. ಎತ್ತಲು ಹೋದ ಆ ಹುಡುಗಿಯ ಹೊಟ್ಟೆ ನೋಡಿ, ಕೈಯಿಂದ ದೂರ ತಳ್ಳಿದರಂತೆ. ಅವಳು ಅಳುತ್ತಾ ಕಂಬಳಿಗಳನ್ನೆಲ್ಲ ತಂದು ಹೊದಿಸಿ ಪಕ್ಕದಲ್ಲಿ ಕೂತಿದ್ದಳು. ನನ್ನನ್ನು ಕಂಡದ್ದೇ ಅವರು ಕೆಳಗಿನ ಕಡೆಗೆ ಬೆರಳು ತೋರಿಸಿ ಹುಬ್ಬೇರಿಸಿದರು. ‘ಇಳಿಸಿದೆ. ನೋರಾ ಚೆನ್ನಾಗಿದ್ದಾಳೆ,’ ಎಂದೆ. ಆಮೇಲೆಯೇ ಕಣ್ಣು ಮುಚ್ಚಿದರು.

ಮೂಳೆ ಮುರಿಯಲಿಲ್ಲ. ನೆಲದ ಥಂಡಿ ಎದೆಗೆ ಇಳಿದು ನ್ಯುಮೋನಿಯಾ ಆಯಿತು. ಹಿಮ ಕರಗಿ ದಾರಿ ಬಿಟ್ಟ ಮೇಲೆ ಕಾರ್ಕಿನ ಆಸ್ಪತ್ರೆಗೆ ಸೇರಿಸಿದೆವು. ಗುಣವಾದರು, ಆದರೆ ಮೊದಲಿನಷ್ಟೂ ಕೂರಲಾರದೆ ಹೋದರು. ಅವರನ್ನು ಎತ್ತಲು ಇನ್ನು ಯಾವಾಗಲೂ ಇಬ್ಬರು ಬೇಕು ಎಂದರು ಆಸ್ಪತ್ರೆಯವರು. ನಾನು ಕೆಲಸ ಬಿಡುತ್ತೇನೆ, ಮನೆಗೇ ಕರೆದುಕೊಂಡು ಹೋಗುತ್ತೇನೆ ಎಂದೆ. ರೆಶೆಲ್ ಡಬ್ಲಿನ್‌ನಿಂದ ಬಂದು ನನ್ನ ಜತೆ ಜಗಳವಾಡಿದಳು, ಆಮೇಲೆ ನನ್ನನ್ನು ಹಿಡಿದುಕೊಂಡು ಅತ್ತಳು. ಡಾಕ್ಟರು, ‘ಅವರನ್ನೇ ಕೇಳೋಣ’ ಎಂದರು.

ಗ್ರ್ಯಾಂಡ್ ಎಂದರೆ ಏನು ತಿಳಿಯುವುದು? ಅದಕ್ಕೇ ಮಾತು ಕಲಿಸುವ ಥೆರಪಿಸ್ಟ್ ಎರಡು ಫೋಟೋ ತಂದಳು. ಒಂದು ನಮ್ಮ ಮನೆಯದು. ಇನ್ನೊಂದು ಮಿಲ್‌ಸ್ಟ್ರೀಟಿನ ಆಚೆ ಇರುವ ನರ್ಸಿಂಗ್ ಹೋಮಿನದು; ವಯಸ್ಸಾದವರು ಕೊನೆತನಕ ಇರುವ ಜಾಗ. ಎರಡನ್ನೂ ಅವರ ಮುಂದಿಟ್ಟು ನಿಧಾನವಾಗಿ ವಿವರಿಸಿ, ಎಲ್ಲಿರಲು ಇಷ್ಟ ಎಂದು ಕೇಳಿದಳು. ಅವರು ನರ್ಸಿಂಗ್ ಹೋಮಿನ ಫೋಟೋ ಮೇಲೆ ಕೈ ಇಟ್ಟರು.

‘ಅವರಿಗೆ ಅರ್ಥವಾಗಿಲ್ಲ,’ ಎಂದೆ. ಥೆರಪಿಸ್ಟ್ ಫೋಟೋಗಳನ್ನು ಎಡಬಲ ಬದಲಿಸಿ ಮತ್ತೆ ಕೇಳಿದಳು. ಕೈ ಮತ್ತೆ ಅದರ ಮೇಲೆಯೇ ಹೋಯಿತು. ‘ಇನ್ನೊಮ್ಮೆ,’ ಎಂದೆ ನಾನು. ಅವಳು ಬದಲಿಸುವಾಗ ಕಣ್ಣು ಮುಚ್ಚಿಕೊಂಡೆ.

ಅವರು ಅಲ್ಲಿಗೆ ಹೋಗಿ ಎರಡು ವಾರವಾಯಿತು, ಚಂದ್ರಾ. ದಿನವೂ ಹೋಗಿ ಊಟ ಮಾಡಿಸಿ ಬರುತ್ತೇನೆ. ಇಲ್ಲಿ ನಾನೊಬ್ಬಳೇ. ನಿನಗೆ ಹೇಳಬೇಕೆಂದಿದ್ದದ್ದು ಇಷ್ಟೇ. ಆ ಮೂರನೆಯ ಸಲ ನಾನು ಕಣ್ಣು ತೆರೆದಾಗ ಅವರ ಕೈ ನರ್ಸಿಂಗ್ ಹೋಮಿನ ಮೇಲೆ ಗಟ್ಟಿಯಾಗಿ ಊರಿತ್ತು. ಅವರು ನೋಡುತ್ತಿದ್ದದ್ದು ಮಾತ್ರ ನಮ್ಮ ಮನೆಯನ್ನು.